ಹಲ್ಲಿನ ನೆಲೆಗಟ್ಟು

ಹಲಸೂರಿನ ಸೋಮೇಶ್ವರ ದೇವಾಲಯದ ಹಿಂಬದಿಯ ಬೀದಿಯೊಂದರಲ್ಲಿ ನಮ್ಮ ಮನೆಯಿದ್ದ ಕಾಲದಲ್ಲಿ, ನನ್ನ ಅಜ್ಜಿಯವರು ಮಧ್ಯಾಹ್ನದ ಊಟವಾದ ಮೇಲೆ ಜಗಲಿಯ ಕಂಬಕ್ಕೆ ಒರಗಿ ಕುಳಿತು, ಹಿತ್ತಾಳೆಯ ಎಲೆಪೆಟ್ಟಿಗೆಯನ್ನು ತೆರೆದು, ವೀಳ್ಯದೆಲೆಯ ತೊಟ್ಟು ಮುರಿದು ನಾರು ತೆಗೆದು, ಬೆರಳ ತುದಿಯಿಂದ ಸುಣ್ಣ ಸವರಿ, ಅಡಕೆಯ ಹೋಳನ್ನೂ ಚಿಟಿಕೆಯಷ್ಟು ಕಡ್ಡಿಪುಡಿಯನ್ನೂ ಸೇರಿಸಿ ಬಾಯಿಗಿಟ್ಟುಕೊಳ್ಳುವುದನ್ನು ದಿನದಿನವೂ ನೋಡಿ ಬೆಳೆದವನು ನಾನು. ಅವರು ಉಗುಳಿದುದು ಕೆಂಪಾಗಿರುತ್ತಿತ್ತು; ಅದು ತಾಂಬೂಲದ ಕೆಂಪೆಂಬುದರಲ್ಲಿ ಮನೆಯವರಾರಿಗೂ ಸಂದೇಹವಿರಲಿಲ್ಲ. ಆದರೆ ಬೆಳಗಿನ ಜಾವದಲ್ಲಿ, ಇನ್ನೂ ಎಲೆಯ ಸೋಂಕಿಲ್ಲದ ಬಾಯನ್ನು ಬರಿಯ ನೀರಿನಿಂದ ಮುಕ್ಕಳಿಸಿದಾಗಲೂ ಬಚ್ಚಲಿನ ಕಲ್ಲಿನ ಮೇಲೆ ಅದೇ ಬಣ್ಣ ತೆಳುವಾಗಿ ಹರಿಯುತ್ತಿದ್ದುದನ್ನು ಕಂಡಿದ್ದರೂ, ಅದರ ಅರ್ಥವೇನೆಂದು ವಿಚಾರಿಸುವಷ್ಟು ತಿಳಿವಳಿಕೆ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಐವತ್ತು ದಾಟುವಷ್ಟರಲ್ಲಿ ಅವರ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ಅರವತ್ತರ ವೇಳೆಗೆ ಬೊಚ್ಚುಬಾಯಿಯಾಯಿತು. ಒಂದೊಂದಾಗಿ ಉದುರಿದ ಆ ಹಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಿದ ನೆನಪು ನನಗಿನ್ನೂ ಇದೆ: ಒಂದರಲ್ಲಿಯೂ ಹುಳುಕಿರಲಿಲ್ಲ. ಬುಡದ ಮಣ್ಣು ಮಳೆಗೆ ಕೊಚ್ಚಿಹೋಗಿ ಉರುಳಿದ ಮರದ ಕಾಂಡದಂತೆ, ಪ್ರತಿಯೊಂದೂ ಬೇರಿನ ತುದಿಯ ಪರ್ಯಂತ ಇಡಿಯಾಗಿತ್ತು. ಹಲ್ಲಿಗೆ ಯಾವ ಕೇಡೂ ಬಂದಿರಲಿಲ್ಲ; ಅದು ನಿಂತ ನೆಲ ಕರಗಿಹೋಗಿತ್ತು.

ಈ ವ್ಯಾಧಿಗೆ ಹಿಂದಿನವರು ಪಯೋರಿಯ ಎನ್ನುತ್ತಿದ್ದರು. ಇಂದಿನ ದಂತವೈದ್ಯರು ಪೆರಿಯೊಡಾಂಟೈಟಿಸ್ ಎನ್ನುತ್ತಾರೆ. 1809ರಲ್ಲಿ ದಂಡು ಬೆಂಗಳೂರಿನಲ್ಲಿ ನೆಲೆಯೂರಿದಂದಿನಿಂದ ನಾಲ್ಕಾರು ಭಾಷೆಗಳು ಒಂದರೊಡನೊಂದು ಬೆರೆತು ಬಾಳುತ್ತಿರುವ ನಮ್ಮ ಈ ಪೂರ್ವಭಾಗದಲ್ಲಿ ವಸಡಿಗೂ ಹೆಸರುಗಳು ಹಲವು: ಶಿವಾಜಿನಗರದ ಉರ್ದು ಮನೆಗಳಲ್ಲಿ ಅದು ಮಸೂಡ, ಹಲಸೂರಿನ ತಮಿಳರ ಮಾತಿನಲ್ಲಿ ಈರು, ಕೃಷ್ಣರಾಜಪುರದ ತೆಲುಗರಿಗೆ ಚಿಗುಳ್ಳು. ಹೆಸರು ಬೇರೆಯಾದರೂ, ಅದರಿಂದ ರಕ್ತ ಕಂಡಾಗ ಬರುವ ಸಮಾಧಾನದ ಮಾತು ಮಾತ್ರ ಎಲ್ಲರ ಮನೆಯಲ್ಲಿಯೂ ಒಂದೇ: ‘ಉಷ್ಣ ಜಾಸ್ತಿಯಾಗಿದೆ, ಒಂದು ಲೋಟ ಮಜ್ಜಿಗೆ ಕುಡಿ.’ ಮಜ್ಜಿಗೆಯಿಂದ ಹಾನಿಯೇನೂ ಇಲ್ಲ. ಹಾನಿಯಿರುವುದು ಆ ಸಮಾಧಾನದಲ್ಲಿ. ಉಷ್ಣವೆಂದು ಸುಮ್ಮನಾದ ಹತ್ತು ಹದಿನೈದು ವರ್ಷಗಳಲ್ಲಿ ರೋಗವು ವಸಡಿನಿಂದ ಮೂಳೆಗೆ ಇಳಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ವಸಡಿನ ಈ ರೋಗದ ತೀವ್ರರೂಪದಿಂದ ಬಳಲುತ್ತಿರುವವರು ಪ್ರಪಂಚದಲ್ಲಿ ಸುಮಾರು 100 ಕೋಟಿ ಜನ. ಇಷ್ಟು ವ್ಯಾಪಕವಾದ ರೋಗವು ಇಷ್ಟು ಅಲ್ಪವಾಗಿ ಪರಿಚಿತವಾಗಿರುವುದಕ್ಕೆ ಮುಖ್ಯವಾದ ಕಾರಣ, ಅದು ನೋಯುವುದಿಲ್ಲವೆಂಬುದೇ. ಹುಳುಕು ಹಲ್ಲು ರಾತ್ರಿಯೆಲ್ಲ ಮಿಡಿದು ನಮ್ಮನ್ನು ವೈದ್ಯರ ಬಾಗಿಲಿಗೆ ಅಟ್ಟುತ್ತದೆ. ವಸಡು ಮೌನವಾಗಿ ಕರಗುತ್ತದೆ. ಅದಕ್ಕಿರುವ ಮಾತು ರಕ್ತವೊಂದೇ.

ಹಲ್ಲು ದವಡೆಯಲ್ಲಿ ಹೇಗೆ ನಿಂತಿದೆಯೆಂಬುದನ್ನು ತಿಳಿದರೆ ರೋಗದ ಗತಿಯು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿದೆಯೆಂದು ಸಾಮಾನ್ಯವಾಗಿ ನಾವು ಭಾವಿಸುತ್ತೇವೆ. ವಾಸ್ತವವಾಗಿ ಬೇರಿಗೂ ಅದರ ಸುತ್ತಣ ಮೂಳೆಯ ಕುಳಿಗೂ ನಡುವೆ ಅತಿ ಸೂಕ್ಷ್ಮವಾದ ನಾರುಗಳ ಪದರವೊಂದಿದ್ದು, ಅಸಂಖ್ಯಾತವಾದ ಆ ನಾರುಗಳು ಒಂದು ತುದಿಯಿಂದ ಬೇರನ್ನೂ ಇನ್ನೊಂದು ತುದಿಯಿಂದ ಮೂಳೆಯನ್ನೂ ಹಿಡಿದು, ಹಲ್ಲನ್ನು ತೂಗುಮಂಚದಂತೆ ಕುಳಿಯಲ್ಲಿ ತೂಗಿಹಾಕಿರುತ್ತವೆ. ಆದುದರಿಂದಲೇ ಗಟ್ಟಿಯಾದ ಚಕ್ಕುಲಿಯನ್ನು ಕಡಿದಾಗ ಆ ಹೊಡೆತವು ನೇರವಾಗಿ ಮೂಳೆಗೆ ತಾಕದೆ ಹಂಚಿಹೋಗುತ್ತದೆ. ಈ ವ್ಯವಸ್ಥೆಯ ಮೇಲೆ ವಸಡು ಕೊರಳಪಟ್ಟಿಯಂತೆ ಸುತ್ತಿಕೊಂಡು ಅದನ್ನು ಮುಚ್ಚಿ ಕಾಯುತ್ತದೆ. ಆರೋಗ್ಯವಂತ ವಸಡಿಗೂ ಹಲ್ಲಿಗೂ ಮಧ್ಯೆ 1ರಿಂದ 3 ಮಿಲಿಮೀಟರಿನಷ್ಟು ಆಳದ ಒಂದು ಸಣ್ಣ ಸಂದು ಇರುವುದು ಸಹಜ. ರೋಗದ ಕಥೆಯೆಲ್ಲವೂ ಆರಂಭವಾಗುವುದು ಈ ಸಂದಿನ ಅಂಚಿನಲ್ಲಿ.

ಉಜ್ಜಿ ತೊಳೆದ ಹಲ್ಲಿನ ಮೇಲೆ ಕೆಲವೇ ಗಂಟೆಗಳಲ್ಲಿ ತೆಳುವಾದ, ಅಂಟಂಟಾದ ಲೋಳೆಯೊಂದು ಪುನಃ ಕಟ್ಟಿಕೊಳ್ಳುತ್ತದೆ. ಅದನ್ನು ದಂತಪಾಚಿ ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಅದು ಪ್ಲಾಕ್. ಕೆರೆಯ ಸೋಪಾನದ ಮೇಲಣ ಪಾಚಿಯಂತೆ ಇದೂ ಜೀವವುಳ್ಳದ್ದು. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಆಂಟನಿ ವಾನ್ ಲೇವೆನ್‌ಹುಕ್ ಎಂಬಾತನು ತನ್ನ ಹಲ್ಲಿನ ಸಂದಿನ ಬಿಳಿಯ ಕೊಳೆಯನ್ನು ತಾನೇ ಅರೆದು ತಯಾರಿಸಿದ ಮಸೂರದ ಕೆಳಗಿಟ್ಟು ನೋಡಿ, ಅದರಲ್ಲಿ ಸಂಚರಿಸುತ್ತಿದ್ದ ಕ್ಷುದ್ರಪ್ರಾಣಿಗಳನ್ನು ಕಂಡು ಬೆರಗಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಮನುಷ್ಯನು ಬ್ಯಾಕ್ಟೀರಿಯಗಳನ್ನು ಕಂಡ ಪ್ರಥಮ ಸಂದರ್ಭಗಳಲ್ಲಿ ಇದೂ ಒಂದು. ಆದರೆ ಆ ಜೀವಿಗಳೇ ವಸಡಿನ ಉರಿಯೂತಕ್ಕೆ ಕಾರಣವೆಂಬುದು ನಿಸ್ಸಂದೇಹವಾಗಿ ಸಿದ್ಧವಾಗಲು ಇನ್ನೂ ಮುನ್ನೂರು ವರ್ಷಗಳಷ್ಟು ಕಾಲ ಬೇಕಾಯಿತು. 1965ರಲ್ಲಿ ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ಹೆರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು, ಆರೋಗ್ಯವಾದ ವಸಡುಳ್ಳ 12 ಮಂದಿಯನ್ನು ಹಲ್ಲುಜ್ಜದೆ ಇರುವಂತೆ ಕೇಳಿಕೊಂಡು ಪರೀಕ್ಷಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪೇರಿ ಊದಿತು. ಅವರು ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದೂ ಮೊದಲಿನಂತಾಯಿತು. ಈ ಸರಳವಾದ ಪರೀಕ್ಷೆಗಿಂತ ಹೆಚ್ಚು ಆಶಾದಾಯಕವಾದುದನ್ನು ದಂತವೈದ್ಯದ ಚರಿತ್ರೆಯಲ್ಲಿ ನಾನು ಕಂಡಿಲ್ಲ. ರೋಗವು ಈ ಪ್ರಥಮಾವಸ್ಥೆಯಲ್ಲಿ, ಎಂದರೆ ಜಿಂಜಿವೈಟಿಸ್ ಎಂಬ ವಸಡಿನ ಊತದಲ್ಲಿ, ಇರುವಷ್ಟು ಕಾಲ ಅದು ಸಂಪೂರ್ಣವಾಗಿ ಗುಣವಾಗತಕ್ಕದ್ದು. ಅದಕ್ಕೆ ಬೇಕಾದ ಔಷಧವೆಂದರೆ ಬ್ರಶ್ಶು ಮತ್ತು ಕೆಲವು ನಿಮಿಷಗಳ ತಾಳ್ಮೆ.

ಪಾಚಿಯನ್ನು ಹಾಗೆಯೇ ಬಿಟ್ಟರೆ, ಉಗುಳಿನಲ್ಲಿರುವ ಸುಣ್ಣದಂಶವು ಅದರೊಳಕ್ಕೆ ಇಳಿದು, ಕೆಲವೇ ದಿನಗಳಲ್ಲಿ ಅದು ಕಲ್ಲಾಗತೊಡಗುತ್ತದೆ. ನಮ್ಮ ಜನ ಇದನ್ನು ಗಾರೆ ಎಂದೋ ಕಿಟ್ಟವೆಂದೋ ಕರೆಯುವುದು ಬಹು ಅರ್ಥವತ್ತಾಗಿದೆ. ಹಳೆಯ ಕಟ್ಟಡದ ಗಾರೆಯಷ್ಟೇ ಗಡುಸಾಗಿ ಕಚ್ಚಿಕೊಳ್ಳುವ ಅದನ್ನು ಯಾವ ಬ್ರಶ್ಶೂ ಯಾವ ಪುಡಿಯೂ ಬಿಡಿಸಲಾರದು. ಉಗುಳಿನ ಗ್ರಂಥಿಗಳ ಬಾಯಿ ತೆರೆಯುವ ಎರಡು ಸ್ಥಳಗಳಲ್ಲಿ, ಅಂದರೆ ಕೆಳಗಿನ ಮುಂಬಲ್ಲುಗಳ ಒಳಮೈಯಲ್ಲಿಯೂ ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯಲ್ಲಿಯೂ, ಅದು ವಿಶೇಷವಾಗಿ ಕಟ್ಟುತ್ತದೆ. ಈ ವಾಕ್ಯವನ್ನು ಓದುತ್ತಿರುವಾಗಲೇ ನಾಲಗೆಯ ತುದಿಯನ್ನು ಕೆಳಗಿನ ಮುಂಬಲ್ಲುಗಳ ಹಿಂಬದಿಗೆ ತಾಗಿಸಿ ನೋಡಿದರೆ, ಅಲ್ಲಿ ಹಲ್ಲುಹಲ್ಲುಗಳ ನಡುವಣ ಸಂದು ತಿಳಿಯದಂತೆ ಒರಟಾದ ಕಟ್ಟೆಯೊಂದು ತಗುಲಿದಲ್ಲಿ, ಅದೇ ಗಾರೆ. ಅದರ ಒರಟುಮೈ ಹೊಸ ಪಾಚಿಗೆ ಆಶ್ರಯ. ಪಾಚಿ ಕ್ರಮೇಣ ವಸಡಿನ ಅಂಚನ್ನು ದಾಟಿ, ಗಾಳಿಯಾಡದ ಒಳಸಂದಿಗೆ ಇಳಿಯುತ್ತದೆ. ಅಲ್ಲಿ ಬೆಳೆಯುವ ಕ್ರಿಮಿಗಳು ಇನ್ನೂ ಉಗ್ರವಾದ ಜಾತಿಯವು. ಶರೀರವು ಅವುಗಳನ್ನು ಎದುರಿಸಲು ತನ್ನ ರಕ್ತಕಣಗಳ ಪಡೆಯನ್ನು ಕಳುಹಿಸುತ್ತದೆ. ದಿನಗಟ್ಟಲೆಯಲ್ಲ, ವರ್ಷಗಟ್ಟಲೆ ನಡೆಯುವ ಆ ಯುದ್ಧದಲ್ಲಿ ಪಡೆ ಬೀಡುಬಿಟ್ಟ ಊರೇ ಹಾಳಾಗುವಂತೆ, ಉರಿಯೂತದ ರಸಗಳಿಂದ ನಾರುಗಳು ಹರಿಯುತ್ತವೆ, ಮೂಳೆ ಕರಗಿ ಕೆಳಗೆ ಸರಿಯುತ್ತದೆ, ಸಂದು 4, 5, 7 ಮಿಲಿಮೀಟರಿನ ಚೀಲವಾಗುತ್ತದೆ. ಇಲ್ಲಿಂದ ಮುಂದಿನದು ಪೆರಿಯೊಡಾಂಟೈಟಿಸ್. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ರೋಗವನ್ನು ಇದ್ದಲ್ಲಿಯೇ ತಡೆದು ನಿಲ್ಲಿಸುವುದು ಮಾತ್ರ ಸಾಧ್ಯ. ಎರಡು ಅವಸ್ಥೆಗಳ ನಡುವಣ ಈ ಗಡಿಯನ್ನು ಓದುಗರು ಬೇರೆಲ್ಲವನ್ನು ಮರೆತರೂ ಮರೆಯಬಾರದು.

ನಮ್ಮ ಪೂರ್ವಿಕರಿಗೆ ಕ್ರಿಮಿಗಳ ಪರಿಚಯವಿರಲಿಲ್ಲವಾದರೂ ಲಕ್ಷಣಗಳ ಪರಿಚಯ ಆಶ್ಚರ್ಯಕರವಾಗಿ ಇತ್ತು. ಸುಶ್ರುತಸಂಹಿತೆಯು ಮುಖರೋಗಗಳನ್ನು 65 ಎಂದು ಗಣಿಸಿ, ಅವುಗಳಲ್ಲಿ 15ನ್ನು ದಂತಮೂಲಗತವೆಂದು, ಎಂದರೆ ವಸಡಿನಲ್ಲಿ ನೆಲೆಸಿದವೆಂದು ಪ್ರತ್ಯೇಕಿಸಿದೆ. ಹಲ್ಲಿನದೇ ಆದ ರೋಗಗಳಿಗೆ ಅಲ್ಲಿ ಎಂಟೇ ಸ್ಥಾನ. ಶೀತಾದವೆಂಬುದರಲ್ಲಿ ಕಾರಣ ಕಾಣದೆ ರಕ್ತ ಒಸರಿ, ವಸಡು ದುರ್ಗಂಧಯುಕ್ತವಾಗಿ ಕಪ್ಪಿಟ್ಟು ಮೆತ್ತಗಾಗಿ ಕರಗುತ್ತದೆಂದೂ, ದಂತವೇಷ್ಟವೆಂಬುದರಲ್ಲಿ ಕೀವು ರಕ್ತಗಳು ಸುರಿದು ಹಲ್ಲುಗಳು ಅಲುಗುತ್ತವೆಂದೂ ಅದು ಹೇಳುವಾಗ, ಇಂದಿನ ಪಠ್ಯಪುಸ್ತಕದ ಎರಡು ಅವಸ್ಥೆಗಳನ್ನೇ ನಾವು ಓದುತ್ತಿದ್ದೇವೆಯೋ ಎನಿಸುತ್ತದೆ.

ರೋಗವನ್ನು ಸಕಾಲದಲ್ಲಿ ಗುರುತಿಸುವುದು ಹೇಗೆ? ಆರೋಗ್ಯವಾದ ವಸಡು ಹಲ್ಲಿಗೆ ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಉಜ್ಜಿದರೆ ರಕ್ತ ಬರುವುದಿಲ್ಲ. ಅದರ ಬಣ್ಣ ಕೆಲವರಲ್ಲಿ ತಿಳಿಗೆಂಪು, ನಮ್ಮ ನಾಡಿನ ಅನೇಕರಲ್ಲಿ ಹುಟ್ಟಿನಿಂದಲೇ ಕಂದು, ಆ ಕಂದುಬಣ್ಣ ರೋಗವಲ್ಲ. ಉಜ್ಜುವಾಗ ಬ್ರಶ್ಶಿಗೆ ರಕ್ತ ಅಂಟುವುದು, ಸೀಬೆಹಣ್ಣನ್ನು ಕಚ್ಚಿದಾಗ ಹಣ್ಣಿನ ಮೇಲೆ ಕೆಂಪು ಉಳಿಯುವುದು, ಅಂಚು ಊದಿ ಹೊಳೆಯುವುದು, ಉಜ್ಜಿದರೂ ಹೋಗದ ಬಾಯಿನಾತ: ಇವು ಮೊದಲ ಸೂಚನೆಗಳು. ವಸಡು ಕೆಳಗಿಳಿದು ಹಲ್ಲು ಉದ್ದವಾದಂತೆ ತೋರುವುದು, ಮೊದಲು ಇಲ್ಲದ ಸಂದು ಮುಂಬಲ್ಲುಗಳ ನಡುವೆ ಬಿಡುವುದು, ಒತ್ತಿದರೆ ಕೀವು ಬರುವುದು, ಅಗಿಯುವಾಗ ಹಲ್ಲು ಕದಲುವುದು: ಇವು ರೋಗ ಮೂಳೆಗೆ ಇಳಿದುದರ ಗುರುತುಗಳು. ಬೀಡಿ ಸಿಗರೇಟುಗಳ ಅಭ್ಯಾಸವುಳ್ಳವರು ಮಾತ್ರ ರಕ್ತದ ಸೂಚನೆಯನ್ನು ನಂಬಿ ಕೂರುವಂತಿಲ್ಲ. ಹೊಗೆಸೊಪ್ಪಿನ ವಿಷವು ವಸಡಿನ ಸೂಕ್ಷ್ಮ ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ, ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತ ಕಾಣದೆ ವಸಡು ಗಟ್ಟಿಯಾಗಿ, ಆರೋಗ್ಯವಾಗಿರುವಂತೆ ತೋರುತ್ತದೆ. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಕಡ್ಡಿಪುಡಿಯನ್ನು ಅದುಮಿಡುವ ಜಾಗದಲ್ಲಿ ವಸಡು ಸುಟ್ಟು ಇಳಿಯುತ್ತದೆ. ಅಡಕೆಯೂ ನಿರಪಾಯಕಾರಿಯಲ್ಲ: 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು, ಅದನ್ನು ಸದಾ ಅಗಿಯುವವರ ಕೆನ್ನೆಯ ಒಳಮೈ ನಾರುಗಟ್ಟಿ, ಬಾಯಿ ಎರಡು ಬೆರಳಗಲಕ್ಕೂ ತೆರೆಯದಂತಾದಾಗ ಹಿಂದಿನ ಹಲ್ಲುಗಳಿಗೆ ಬ್ರಶ್ಶನ್ನು ಒಯ್ಯುವುದೂ ಅಸಾಧ್ಯವಾಗುತ್ತದೆ. ಕರ್ನಾಟಕದಲ್ಲಿ 2013ರಲ್ಲಿಯೇ ಗುಟ್ಕಾ ನಿಷಿದ್ಧವಾಗಿದ್ದರೂ, ಪಾನ್‌ಮಸಾಲೆಯ ಒಂದು ಪೊಟ್ಟಣವನ್ನೂ ತಂಬಾಕಿನ ಇನ್ನೊಂದನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ಹದಿಹರೆಯದವರನ್ನು ಬಸ್‌ನಿಲ್ದಾಣದಲ್ಲಿ ಕಂಡಾಗ ಮನಸ್ಸು ಮರುಗುತ್ತದೆ.

ಸಕ್ಕರೆ ಕಾಯಿಲೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಈ ಕಾಯಿಲೆಯುಳ್ಳವರು ಸುಮಾರು 10 ಕೋಟಿ ಜನ. ಇಂದಿರಾನಗರದ ಉದ್ಯಾನಗಳಲ್ಲಿ ಬೆಳಗಾಗುತ್ತಲೇ ಬಿರುಸಾಗಿ ನಡೆಯುವ ನನ್ನ ವಯಸ್ಸಿನ ಮಿತ್ರರಲ್ಲಿ ಅರ್ಧದಷ್ಟು ಮಂದಿ ವೈದ್ಯರ ಆಜ್ಞೆಯಂತೆ ನಡೆಯುವವರು. ಊಟಕ್ಕೆ ಮುಂಚಿನ ಸಕ್ಕರೆ ಎಷ್ಟು, ಊಟದ ಮೇಲಿನದೆಷ್ಟು, ಮೂರು ತಿಂಗಳ ಸರಾಸರಿ ಎಷ್ಟು ಎಂಬುದೆಲ್ಲವೂ ಅವರಿಗೆ ಕಂಠಸ್ಥ. ಕಣ್ಣು, ಮೂತ್ರಪಿಂಡ, ಪಾದಗಳನ್ನು ವರ್ಷಕ್ಕೊಮ್ಮೆ ತೋರಿಸಬೇಕೆಂಬುದೂ ಗೊತ್ತು. ವಸಡನ್ನೂ ತೋರಿಸಬೇಕೆಂದು ಅವರಲ್ಲಿ ಯಾರೂ ಕೇಳಿದಂತಿಲ್ಲ. ನನಗೂ ನಲವತ್ತೆಂಟನೆಯ ವಯಸ್ಸಿನಲ್ಲಿ ಈ ಕಾಯಿಲೆ ಕಾಣಿಸಿಕೊಂಡಾಗ ನಾಲ್ಕು ವರ್ಷಗಳ ಪರ್ಯಂತ ಯಾರೂ ಹೇಳಲಿಲ್ಲ. ಮೇಲೆ ಹೇಳಿದ ಹೆರಾಲ್ಡ್ ಲೋ ಅವರೇ 1993ರಲ್ಲಿ ವಸಡಿನ ರೋಗವನ್ನು ಸಕ್ಕರೆ ಕಾಯಿಲೆಯ ಆರನೆಯ ಉಪದ್ರವವೆಂದು ಕರೆದರು. ಈ ಸಂಬಂಧ ಎರಡು ದಿಕ್ಕಿನದು. ರಕ್ತದಲ್ಲಿ ಸಕ್ಕರೆ ಏರಿದರೆ ಶರೀರದ ರಕ್ಷಣಾಶಕ್ತಿ ಕುಗ್ಗಿ, ಗಾಯ ಮಾಯುವುದು ತಡವಾಗಿ, ವಸಡಿನ ಉರಿಯೂತವು ಉಲ್ಬಣಿಸುತ್ತದೆ; ಅತ್ತ ವಸಡಿನ ಚೀಲಗಳಲ್ಲಿ ಸದಾ ಹೊಗೆಯಾಡುವ ಉರಿಯೂತವು, ತನ್ನ ರಸಗಳನ್ನು ರಕ್ತಕ್ಕೆ ಬಿಟ್ಟು, ಇನ್ಸುಲಿನ್ ತನ್ನ ಕೆಲಸ ಮಾಡದಂತೆ ತಡೆಯುತ್ತದೆ. ರೋಗ ತೀವ್ರವಾದವರಲ್ಲಿ ಆ ಚೀಲಗಳ ಒಳಮೈಯ ಹುಣ್ಣನ್ನೆಲ್ಲ ಬಿಚ್ಚಿ ಹರಡಿದರೆ ಅಂಗೈಯ ಗಣನೀಯ ಭಾಗದಷ್ಟಾಗುತ್ತದೆ. ಮುಂಗೈ ಮೇಲೆ ಅಷ್ಟಗಲದ, ಮುಟ್ಟಿದರೆ ರಕ್ತ ಸುರಿಸುವ ಹುಣ್ಣೊಂದಿದ್ದರೆ ನಾವು ಒಂದು ದಿನವೂ ಸುಮ್ಮನಿರುತ್ತಿರಲಿಲ್ಲ. ವಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಆ ಸರಾಸರಿ ಸಕ್ಕರೆಯ ಪ್ರಮಾಣವು ಶೇಕಡಾ 0.4ರಷ್ಟು ಅಂಶ ಇಳಿಯುತ್ತದೆಂಬುದನ್ನು ಅನೇಕ ಪರೀಕ್ಷೆಗಳು ತೋರಿಸಿವೆ. ಅದನ್ನು ಅಲ್ಪವೆಂದು ಎಣಿಸಬಾರದು. ಗುಳಿಗೆಯೊಂದನ್ನು ಹೆಚ್ಚಿಸಿ ಪಡೆಯುವ ಇಳಿತಕ್ಕೆ ಅದು ಬಹುದೂರವೇನೂ ಅಲ್ಲ.

ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಳಿತದಿಂದ ಸ್ವಲ್ಪ ಪಾಚಿಗೂ ವಸಡು ಅತಿಯಾಗಿ ಊದುವುದುಂಟು. ಶಿವಾಜಿನಗರದ ಘೋಷಾ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಕಾದುನಿಲ್ಲುವ ತಾಯಂದಿರಿಗೆ, ಬಸುರಿನಲ್ಲಿ ಹಲ್ಲಿನ ಚಿಕಿತ್ಸೆ ಕೂಡದೆಂದು ಹಿರಿಯರು ಹೇಳಿರುವ ಸಂಭವವೇ ಹೆಚ್ಚು. ವಸ್ತುಸ್ಥಿತಿ ಹಾಗಿಲ್ಲ: ವಸಡನ್ನು ಶುಚಿಗೊಳಿಸುವ ಚಿಕಿತ್ಸೆ ಗರ್ಭಾವಸ್ಥೆಯಲ್ಲಿ ನಿರಪಾಯಕರ, ನಡುವಣ ಮೂರು ತಿಂಗಳು ಅದಕ್ಕೆ ಹೆಚ್ಚು ಅನುಕೂಲ. ರಕ್ತದೊತ್ತಡಕ್ಕೆ ಬಹುಮಂದಿ ಸೇವಿಸುವ ಆಮ್ಲೊಡಿಪಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮೊದಲಾದ ಔಷಧಗಳಿಂದ ಕೆಲವರ ವಸಡು ಅತಿಯಾಗಿ ಬೆಳೆದು ಹಲ್ಲನ್ನು ಮುಚ್ಚುತ್ತದೆ. ಅಂಥವರು ಔಷಧವನ್ನು ತಾವೇ ಬಿಡದೆ, ಕೊಟ್ಟ ವೈದ್ಯರಿಗೆ ತಿಳಿಸತಕ್ಕದ್ದು. ಹೃದ್ರೋಗಕ್ಕೂ ವಸಡಿಗೂ ಸಂಬಂಧವಿದೆಯೆಂದು ಅನೇಕ ಅಧ್ಯಯನಗಳು ಹೇಳುತ್ತವೆ. ಎರಡೂ ಜೊತೆಜೊತೆಯಾಗಿ ಕಾಣುತ್ತವೆಂಬುದು ನಿಜವಾದರೂ, ಒಂದು ಇನ್ನೊಂದರ ಕಾರಣವೆಂದು ಸಿದ್ಧವಾಗಿಲ್ಲವಾದುದರಿಂದ ಅದನ್ನು ಹೇಳಿ ಯಾರನ್ನೂ ಹೆದರಿಸುವುದು ಉಚಿತವಲ್ಲ.

ಇನ್ನು ತಪ್ಪು ತಿಳಿವಳಿಕೆಗಳ ಮಾತು. ‘ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ’ ಎಂಬ ನಂಬಿಕೆ ನಮ್ಮ ಬೀದಿಗಳಲ್ಲಿ ಇರುವಷ್ಟು ಬಲವಾಗಿ ಬೇರೆ ಯಾವುದೂ ಇರಲಾರದು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಪ್ರಥಮ ಬಾರಿಗೆ ಸ್ಕೇಲಿಂಗ್ ಮಾಡಿಸಿಕೊಂಡು ಮನೆಗೆ ಬಂದಾಗ, ಹಲ್ಲುಗಳ ನಡುವೆ ಸಂದುಗಳು ತೆರೆದುಕೊಂಡಿದ್ದವು, ತಣ್ಣೀರು ಜುಮ್ಮೆನಿಸುತ್ತಿತ್ತು, ಕೆಳಗಿನ ಎರಡು ಹಲ್ಲು ಕೊಂಚ ಅಲುಗಿದಂತೆಯೂ ಆಗುತ್ತಿತ್ತು. ನೆರೆಮನೆಯ ಹಿರಿಯರು ‘ನಾವು ಮೊದಲೇ ಹೇಳಿರಲಿಲ್ಲವೆ?’ ಎಂದರು. ಕಾರಣವನ್ನು ಆ ಮೇಲೆ ವೈದ್ಯರಿಂದ ತಿಳಿದೆ. ಮೂಳೆ ಆಗಲೇ ಕರಗಿದ್ದ ಹಲ್ಲುಗಳನ್ನು ಗಾರೆಯ ಕಟ್ಟೆಯು ಒಂದಕ್ಕೊಂದು ಅಂಟಿಸಿ ಹಿಡಿದಿತ್ತು. ಹಾಳುಬಿದ್ದ ಗೋಡೆಯನ್ನು ಅದನ್ನು ಹಾಳುಮಾಡಿದ ಬಳ್ಳಿಯೇ ಹಿಡಿದು ನಿಲ್ಲಿಸಿರುವಂತೆ. ಗಾರೆ ಹೋದಾಗ, ಅದು ಮುಚ್ಚಿದ್ದ ಸಂದು ಕಂಡಿತು, ಅದು ಹೊದಿಸಿದ್ದ ಬೇರು ಗಾಳಿಗೆ ತೆರೆದುಕೊಂಡಿತು. ಕೆಲವು ವಾರಗಳಲ್ಲಿ ಜುಮ್ಮೆನ್ನುವುದು ಅಡಗಿತು, ಊತವಿಳಿದ ವಸಡು ಬಿಗಿಯಾಯಿತು, ಅಲುಗುತ್ತಿದ್ದ ಹಲ್ಲುಗಳೂ ನಿಂತವು, ಇಂದಿಗೂ ನಿಂತಿವೆ. ಆ ದಿನ ನೆರೆಯವರ ಮಾತು ಕೇಳಿ ಎರಡನೆಯ ಭೇಟಿಗೆ ಹೋಗದೆ ಇದ್ದಿದ್ದರೆ ಅವು ನನ್ನ ಬಾಯಲ್ಲಿ ಇರುತ್ತಿರಲಿಲ್ಲ.

ರಕ್ತ ಬರುತ್ತದೆಂದು ಆ ಭಾಗವನ್ನು ಉಜ್ಜದೆ ಬಿಡುವುದು ಎರಡನೆಯ ತಪ್ಪು. ರಕ್ತ ಬರುವ ಜಾಗವೇ ಹೆಚ್ಚು ಎಚ್ಚರಿಕೆಯಿಂದ ಶುಚಿಗೊಳಿಸಬೇಕಾದ ಜಾಗ. ಇದ್ದಿಲು, ಇಟ್ಟಿಗೆಪುಡಿ, ಉಪ್ಪುಗಳಿಂದ ತಿಕ್ಕುವುದು ಮೂರನೆಯದು. ಅವು ಹಲ್ಲಿನ ಹೊಳಪುಪದರವನ್ನು ಸವೆಸಿ ವಸಡನ್ನು ಗಾಯಗೊಳಿಸುತ್ತವೆ. ಹಳೆಯ ಮದರಾಸು ರಸ್ತೆಯ ಮೂಲಕ ಕೃಷ್ಣರಾಜಪುರಕ್ಕೆ ಬಂದು ನೆಲೆಸಿದ ಕೋಲಾರದ ಕಡೆಯ ಕೆಲವರಲ್ಲಿ ಈ ಅಭ್ಯಾಸಕ್ಕೆ ಮರುಕ ಹುಟ್ಟಿಸುವ ಕಾರಣವೊಂದಿದೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವೆಡೆ ಬಾಲ್ಯ ಕಳೆದವರ ಹಲ್ಲಿನಲ್ಲಿ ಕಂದು ಕಲೆಗಳು ಹುಟ್ಟುತ್ತವೆ; ಅದು ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ ಬಣ್ಣ, ಕೊಳೆಯಲ್ಲ. ಅದನ್ನು ಕೊಳೆಯೆಂದೇ ತಿಳಿದು ವರ್ಷಾನುಗಟ್ಟಲೆ ತಿಕ್ಕಿದರೆ ಕಲೆ ಹೋಗುವುದಿಲ್ಲ, ವಸಡು ಹೋಗುತ್ತದೆ. ನಮ್ಮ ಬಾಲ್ಯದ ಮನೆಗಳಲ್ಲಿ ನಂಜನಗೂಡು ಹಲ್ಲುಪುಡಿಯಿರುತ್ತಿತ್ತು, 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಪುಡಿಯ ಪರಿಮಳ ಒಂದು ತಲೆಮಾರಿನ ಕನ್ನಡಿಗರಿಗೆ ಬೆಳಗಿನ ಪರಿಮಳವೇ ಆಗಿತ್ತು. ಯಾವ ಪುಡಿಯಾದರೂ ಅದನ್ನು ಬೆರಳಿನಿಂದ ಹಚ್ಚಿದಾಗ ಹಲ್ಲಿನ ಮುಂಭಾಗ ಮಾತ್ರ ಹೊಳೆಯುತ್ತದೆ. ಎರಡು ಹಲ್ಲುಗಳ ಸಂದಿಗೂ ವಸಡಿನ ಅಂಚಿಗೂ ಬೆರಳು ಇಳಿಯಲಾರದು. ಶಿವಾಜಿನಗರದ ಮಸೀದಿಗಳ ಮುಂದೆ ಮಾರುವ ಮಿಸ್ವಾಕ್ ಕಡ್ಡಿ, ಹಳ್ಳಿಯ ಬೇವಿನಕಡ್ಡಿ ಇವುಗಳ ತುದಿಯನ್ನು ಜಗಿದು ಕುಂಚದಂತೆ ಮಾಡಿಕೊಂಡು, ವಸಡಿನಿಂದ ಹಲ್ಲಿನ ಕಡೆಗೆ ಮೃದುವಾಗಿ ಎಳೆದರೆ ಪಾಚಿ ಹೋಗುತ್ತದೆ. ಹಿಂದಿನ ಹಲ್ಲುಗಳ ಒಳಮೈಗೆ ಅದನ್ನು ಒಯ್ಯಲು ಮಾತ್ರ ಹೆಚ್ಚು ಸಹನೆ ಬೇಕು.

ಬ್ರಶ್ಶು ಮೃದುವಾದ ಎಳೆಗಳದಾಗಿರಲಿ. ಅದರ ಎಳೆಗಳನ್ನು ಹಲ್ಲಿಗೆ ನೇರವಾಗಿ ಹಿಡಿಯದೆ, ಸುಮಾರು 45 ಡಿಗ್ರಿ ಓರೆಯಾಗಿ ವಸಡಿನ ಅಂಚಿಗೆ ತಿರುಗಿಸಿ, ಅಂಚಿನಡಿಗೆ ಎಳೆಗಳು ಕೊಂಚ ನುಸುಳುವಂತೆ ಇಟ್ಟು, ಎರಡು ಮೂರು ಹಲ್ಲುಗಳಷ್ಟು ಜಾಗದಲ್ಲಿಯೇ ಅಲುಗಿಸಿ, ಆ ಮೇಲೆ ಮುಂದಕ್ಕೆ ಸರಿಯಬೇಕು. ಒಟ್ಟು ಎರಡು ನಿಮಿಷ; ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ. ಒಂದೇ ಬಾರಿ ಸಾಧ್ಯವೆನ್ನುವವರು ರಾತ್ರಿಯದನ್ನು ಉಳಿಸಿಕೊಳ್ಳಲಿ, ಏಕೆಂದರೆ ನಿದ್ರೆಯಲ್ಲಿ ಉಗುಳು ಕಡಿಮೆಯಾಗಿ ಕ್ರಿಮಿಗಳಿಗೆ ಅಡ್ಡಿಯಿಲ್ಲದಂತಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ, ಎಳೆಗಳು ಕೆದರಿದರೆ ಅದಕ್ಕೂ ಮೊದಲೇ, ಬ್ರಶ್ಶನ್ನು ಬದಲಿಸಬೇಕು. ಎಷ್ಟು ಜಾಣ್ಮೆಯಿಂದ ಉಜ್ಜಿದರೂ ಬ್ರಶ್ಶು ಹಲ್ಲುಗಳ ನಡುವಣ ಮೈಯನ್ನು ಮುಟ್ಟುವುದಿಲ್ಲ. ಅದಕ್ಕಾಗಿ ಸಂದು ಕಿರಿದಾಗಿದ್ದರೆ ಫ್ಲಾಸ್ ಎಂಬ ದಾರವನ್ನೂ, ಅಗಲವಾಗಿದ್ದರೆ ಶೀಸೆ ತೊಳೆಯುವ ಕುಂಚದ ಆಕಾರದ ಪುಟ್ಟ ಬ್ರಶ್ಶನ್ನೂ ದಿನಕ್ಕೊಮ್ಮೆ ಬಳಸಬೇಕು. ಎರಡೂ ಔಷಧದ ಅಂಗಡಿಗಳಲ್ಲಿ ದೊರೆಯುತ್ತವೆ. ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ಮುಕ್ಕಳಿಸುವ ದ್ರವವನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರಗಳಿಗೆ ಮೀರದಂತೆ, ಬಳಸಬಹುದು. ಮುಂದುವರಿಸಿದರೆ ಹಲ್ಲಿಗೆ ಕಂದುಬಣ್ಣ ಹತ್ತುತ್ತದೆ, ರುಚಿ ಕೆಡುತ್ತದೆ. ಅದು ಉಜ್ಜುವುದಕ್ಕೆ ಬದಲಿಯಲ್ಲ.

ವೈದ್ಯರು ಮಾಡುವುದೇನೆಂಬುದು ಮೊದಲೇ ತಿಳಿದಿದ್ದರೆ ಭಯ ಅರ್ಧ ಇಳಿಯುತ್ತದೆ. ಮಿಲಿಮೀಟರಿನ ಗೆರೆಗಳುಳ್ಳ ತೆಳುವಾದ ಕಡ್ಡಿಯೊಂದನ್ನು ಪ್ರತಿಯೊಂದು ಹಲ್ಲಿನ ಸುತ್ತಲೂ ಮೃದುವಾಗಿ ಇಳಿಸಿ ಚೀಲದ ಆಳವನ್ನು ಅಳೆದು ಬರೆದುಕೊಳ್ಳುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆಯ ಮಟ್ಟವನ್ನು ನೋಡುತ್ತಾರೆ. ಗಾರೆಯನ್ನು ಕಂಪಿಸುವ ತುದಿಯುಳ್ಳ ಯಂತ್ರದಿಂದ ನೀರು ಚಿಮುಕಿಸುತ್ತ ಬಿಡಿಸುವುದು ಸ್ಕೇಲಿಂಗ್. ಚೀಲ ಆಳವಾಗಿದ್ದರೆ ಮರವಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನೊಳಗಿನ ಬೇರಿನ ಮೈಯನ್ನೂ ನಯವಾಗಿಸುತ್ತಾರೆ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆದಾಗಲೂ ಚೀಲಗಳು ಉಳಿದಿದ್ದರೆ ಮಾತ್ರ ವಸಡನ್ನು ಬಿಡಿಸಿ ಒಳಗೆ ಶುಚಿಮಾಡಿ ಹೊಲಿಯುವ ಶಸ್ತ್ರಕ್ರಿಯೆಯ ಪ್ರಸ್ತಾಪ ಬರುತ್ತದೆ. ಒಮ್ಮೆ ರೋಗ ಬಂದವರು ಗುಣವಾದ ಮೇಲೂ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರಬೇಕು. ಉಳಿದವರಿಗೆ ವರ್ಷಕ್ಕೊಮ್ಮೆಯಾದರೂ ಸರಿ.

ಈ ಭಾಗದವರಿಗೆ ಚಿಕಿತ್ಸೆಗಾಗಿ ದೂರ ಹೋಗಬೇಕಾದ ಕಷ್ಟವಿಲ್ಲ. ಕುಕ್‌ಟೌನಿನ ಕ್ಲೈನ್ ರಸ್ತೆಯಲ್ಲಿ ಎಂ. ಆರ್. ಅಂಬೇಡ್ಕರ್ ದಂತ ಮಹಾವಿದ್ಯಾಲಯವಿದೆ. ವೈಟ್‌ಫೀಲ್ಡಿನಲ್ಲಿ ವೈದೇಹಿ ಸಂಸ್ಥೆಯ ದಂತ ಮಹಾವಿದ್ಯಾಲಯವಿದೆ. ಕೋಟೆಯ ಬಳಿ ವಿಕ್ಟೋರಿಯ ಆಸ್ಪತ್ರೆಯ ಆವರಣದಲ್ಲಿ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತ ಮಹಾವಿದ್ಯಾಲಯಕ್ಕೆ ಹೋಗಬೇಕಾದವರು ಶಿವಾಜಿನಗರದಿಂದ ಮಾರ್ಕೆಟ್ಟಿನ ಬಸ್ಸು ಹತ್ತಿದರಾಯಿತು. ದಂತ ಮಹಾವಿದ್ಯಾಲಯಗಳಲ್ಲಿ ವಸಡಿಗೆಂದೇ ಪ್ರತ್ಯೇಕವಾದ ವಿಭಾಗವಿರುತ್ತದೆ; ಕೆಲಸ ಮಾಡುವವರು ಬಹುಮಟ್ಟಿಗೆ ವಿದ್ಯಾರ್ಥಿಗಳಾದರೂ ಅಧ್ಯಾಪಕರ ಕಣ್ಣೆದುರಿಗೇ ಮಾಡುತ್ತಾರೆ, ಖಾಸಗಿ ಕ್ಲಿನಿಕ್ಕಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಖರ್ಚು ಕಡಿಮೆಯಾಗುತ್ತದೆ. ಲೇಡಿ ಕರ್ಜನ್ ರಸ್ತೆಯ ಬೌರಿಂಗ್, ಇಂದಿರಾನಗರದ ಸರ್ ಸಿ. ವಿ. ರಾಮನ್ ಮುಂತಾದ ಸರ್ಕಾರಿ ಆಸ್ಪತ್ರೆಗಳಲ್ಲಿ ದಂತವಿಭಾಗದ ವೇಳೆಯನ್ನು ವಿಚಾರಿಸಿಕೊಂಡು ಹೋಗುವುದು ಲೇಸು. ಸಂದಣಿಯ ಬಸ್‌ನಿಲ್ದಾಣಗಳ ಆಸುಪಾಸಿನಲ್ಲಿ ಕಟ್ಟುಹಲ್ಲುಗಳನ್ನು ಬಟ್ಟೆಯ ಮೇಲೆ ಹರಡಿ ಕುಳಿತವರ ಬಳಿಗೆ ಮಾತ್ರ ಯಾರೂ ಹೋಗಬಾರದೆಂದು ಕೈಮುಗಿದು ಬೇಡುತ್ತೇನೆ. ಬಡತನವೇ ಇಬ್ಬರನ್ನೂ ಅಲ್ಲಿಗೆ ತಂದಿರುತ್ತದೆಂಬುದನ್ನು ಬಲ್ಲೆ. ಆದರೆ ಅವರು ಬೇಗ ಗಟ್ಟಿಯಾಗುವ ಅಕ್ರಿಲಿಕ್ ದ್ರಾವಣದಿಂದ ಹೊಸ ಹಲ್ಲನ್ನು ಪಕ್ಕದ ಒಳ್ಳೆಯ ಹಲ್ಲುಗಳಿಗೆ ಅಂಟಿಸಿಬಿಡುವುದರಿಂದ, ಅದರಡಿಯಲ್ಲಿ ಪಾಚಿ ತುಂಬಿ, ಒಂದು ಹಲ್ಲು ಕಟ್ಟಿಸಿಕೊಳ್ಳಲು ಹೋದವರು ಎರಡನ್ನು ಕಳೆದುಕೊಳ್ಳುತ್ತಾರೆ. 1948ರ ದಂತವೈದ್ಯರ ಅಧಿನಿಯಮದಂತೆ ನೋಂದಣಿಯಿಲ್ಲದವರು ಈ ವೃತ್ತಿ ನಡೆಸುವಂತಿಲ್ಲ.

ಹಲ್ಲೆಲ್ಲವನ್ನೂ ಕಳೆದುಕೊಂಡ ಬಡ ಹಿರಿಯರಿಗೆ ಪೂರ್ಣ ದಂತಪಂಕ್ತಿಯನ್ನು ಉಚಿತವಾಗಿ ಕೊಡುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ ದಂತ ಮಹಾವಿದ್ಯಾಲಯಗಳ ಮೂಲಕ ಆರಂಭಿಸಿತು. ಅದು ಪುಣ್ಯಕಾರ್ಯವೇ ಸರಿ. ಬೊಚ್ಚುಬಾಯಿಗೆ ಹಲ್ಲು ಕೊಟ್ಟ ಸರ್ಕಾರ, ಅದೇ ಮನೆಯ ನಲವತ್ತು ವರ್ಷದ ಮಗನ ವಸಡನ್ನು ವರ್ಷಕ್ಕೊಮ್ಮೆ ನೋಡುವ ಏರ್ಪಾಡನ್ನೂ ಮಾಡಿದರೆ ಆ ಪಂಕ್ತಿಗಳ ಅಗತ್ಯವೇ ಎಷ್ಟೋ ಕಡಿಮೆಯಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ದಂತವೈದ್ಯರಲ್ಲಿಗೆ ಹೊರಡುವವರು ಸಕ್ಕರೆಯ ಇತ್ತೀಚಿನ ಪರೀಕ್ಷೆಯ ಕಾಗದವನ್ನೂ, ನಿತ್ಯ ಸೇವಿಸುವ ಗುಳಿಗೆಗಳ ಚೀಟಿಯನ್ನೂ ತಪ್ಪದೆ ಕೈಯಲ್ಲಿ ಹಿಡಿದು ಹೋಗಿರಿ. ಹೊತ್ತಿಗೆ ಸರಿಯಾಗಿ ತಿಂಡಿ ತಿಂದು, ಸಕ್ಕರೆಯ ಗುಳಿಗೆಯನ್ನು ಎಂದಿನಂತೆ ತೆಗೆದುಕೊಂಡು ಹೋಗಿರಿ. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಗುಳಿಗೆಯನ್ನು ತೆಗೆದುಕೊಳ್ಳುತ್ತಿರುವವರು ಅದನ್ನು ತಾವಾಗಿ ನಿಲ್ಲಿಸಬೇಡಿ. ಮೊದಲು ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿರಿ. ವಸಡಿನಿಂದ ರಕ್ತ ಬರುತ್ತಿರುವುದು ಎಂದಿನಿಂದ ಎಂದು ಅಲ್ಲಿ ಮೊದಲ ಪ್ರಶ್ನೆಯಾಗಿ ಕೇಳುತ್ತಾರೆ. ನೆನಪು ಮಾಡಿಕೊಂಡು, ಸಂಕೋಚಪಡದೆ, ಇದ್ದುದನ್ನು ಇದ್ದಂತೆ ಹೇಳಿರಿ.